ಬ್ಲಾಕ್ ತೆಗೆದಾಯ್ತು, ಹೃದಯ ಹೇಗಿದೆ?

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತಿನ ಬರಹರೂಪ)



ವಾರ್ಷಿಕೋತ್ಸವ ಅಂದರೆ ನಮ್ಮಲ್ಲಿ ವಿದ್ಯೆ, ಮೀಸಲಾತಿ, ಮನೆ ಪಟ್ಟಾ, ಮಸಣದ ದಾರಿ ಇವುಗಳ ಮೇಲೆ ಮಾತಾಡೋದು ರೂಢಿ. ಅವೆಲ್ಲ ಆಡಲೇಬೇಕಾದ ಮಾತುಗಳು. ಈ ಸಲ ಕಾರ್ಯದರ್ಶಿ ಅಣ್ಣ ನನಗೆ ಇಪ್ಪತ್ತು ನಿಮಿಷ ಕೊಟ್ಟಾಗ ‘ಹೃದಯದ ಬಗ್ಗೆ ಮಾತಾಡ್ತೀನಿ ಅಣ್ಣಾ’ ಅಂದೆ. ‘ಪ್ರೇಮದ ವಿಷಯಾನಾ?’ ಅಂತ ನಕ್ಕರು. ಇಲ್ಲ, ಎದೆಯೊಳಗೆ ರಕ್ತ ತಳ್ಳುವ ಹೃದಯದ ವಿಷಯ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಹೃದಯ ಆಮೇಲೆ ಹೇಗಿದೆ ಅಂತ ನೋಡುವ ವಿಷಯ.

ನಾನು ಡಾಕ್ಟರಲ್ಲ, ಬಿ.ಎ. ಓದುತ್ತಿರುವವಳು. ಆದರೆ ನಮ್ಮ ಕೇರಿಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿಗೆ ಇನ್ನೊಂದು ಕೆಲಸ ತಾನಾಗಿ ಬಂದುಬಿಡುತ್ತೆ. ನಾವು ಮನೇಲಿ ಆಡೋದು ಕನ್ನಡ, ಬೀದಿಯಲ್ಲಿ ತಮಿಳು, ಆಸ್ಪತ್ರೆ ಚೀಟಿ ಮಾತ್ರ ಇಂಗ್ಲಿಷು. ‘ಇದರಲ್ಲಿ ಏನು ಬರೆದಿದೆ ಓದಮ್ಮ’ ಅಂತ ಚೀಟಿ ನಮ್ಮ ಕೈಗೆ ಬರುತ್ತೆ. ಎರಡು ವರ್ಷದಿಂದ ನನ್ನ ಕೈಗೆ ಹೆಚ್ಚು ಬಂದದ್ದು ಎಕೋ ರಿಪೋರ್ಟು. ಅದನ್ನು ಓದೋದಕ್ಕೆ ಕಲಿತದ್ದನ್ನು ನಿಮಗೂ ಹೇಳ್ತೀನಿ.

ಮುಚ್ಚಿದ ಕಾಲುವೆ

ತಮಿಳಿನಲ್ಲಿ ಹಾರ್ಟ್ ಅಟ್ಯಾಕ್‌ಗೆ ‘ಮಾರಡೈಪ್ಪು’ ಅಂತಾರೆ, ಎದೆ ಅಡೆದುಕೊಳ್ಳೋದು. ಹೆಸರೇ ಸರಿಯಾಗಿದೆ. ಹೃದಯ ಮೈಗೆಲ್ಲ ರಕ್ತ ಕಳಿಸುತ್ತೆ, ಆದರೆ ಅದರ ಸ್ವಂತ ಮಾಂಸಕ್ಕೂ ರಕ್ತ ಬೇಕು. ಅದನ್ನು ತರುವ ಕೊರೊನರಿ ನಾಳಗಳಲ್ಲಿ ವರ್ಷಗಟ್ಟಲೆ ಕೊಬ್ಬು ಕೂರುತ್ತೆ. ಒಂದು ದಿನ ಆ ಕೊಬ್ಬಿನ ಪದರ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ದಾರಿ ಪೂರ್ತಿ ಮುಚ್ಚುತ್ತೆ.

ಕಂಬಂ ಕಣಿವೆಯವರಿಗೆ ಇದನ್ನು ಹೇಳೋದು ಸುಲಭ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದ ಮೇಲೆ ಬೆಟ್ಟದ ಆ ಕಡೆಯ ನೀರು ಸುರಂಗದಲ್ಲಿ ಈ ಕಡೆ ಬಂತು. ಗೂಡಲೂರು, ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರು ಉದ್ದಕ್ಕೂ ಭತ್ತದ ಗದ್ದೆ ಎದ್ದಿತು. ಅದಕ್ಕೇ ಇಲ್ಲಿನ ಮನೆಗಳಲ್ಲಿ ಇವತ್ತಿಗೂ ಪೆನ್ನಿಕುಯಿಕ್ ದೊರೆಯ ಪಟ ಇರುತ್ತೆ. ಆ ಗದ್ದೆಗಳು ನಮ್ಮವಾಗಿರಲಿಲ್ಲ, ಆದರೆ ನಾಟಿ ಹಾಕಿದ ಕೈ, ಕಳೆ ಕಿತ್ತ ಕೈ ನಮ್ಮವು. ಕಾಲುವೆ ಮುಚ್ಚಿದರೆ ಪೈರಿಗೆ ಏನಾಗುತ್ತೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ನೀರು ನಿಂತು ಒಂದು ದಿನ ಆದರೆ ಪೈರು ಬಾಡುತ್ತೆ. ನೀರು ಬಿಟ್ಟರೆ ತಲೆ ಎತ್ತುತ್ತೆ. ಬಹಳ ದಿನ ಆದರೆ ಬೇರೇ ಒಣಗುತ್ತೆ, ಆಮೇಲೆ ಎಷ್ಟು ನೀರು ಬಿಟ್ಟರೂ ಒಣಹುಲ್ಲೇ. ಇದರ ನಡುವೆ ಇನ್ನೊಂದು ಸ್ಥಿತಿ ಇದೆ: ಮೇಲೆ ಒಣಗಿದ ಹಾಗೆ ಕಾಣುತ್ತೆ, ಬೇರಿನಲ್ಲಿ ಜೀವ ಇರುತ್ತೆ. ನೀರು ಬಿಟ್ಟ ಮೇಲೂ ಚಿಗುರೋಕೆ ಸ್ವಲ್ಪ ದಿನ ತಗೊಳುತ್ತೆ.

ಹೃದಯದ ಮಾಂಸವೂ ಹೀಗೇ. ರಕ್ತ ನಿಂತ ಅರ್ಧ ಗಂಟೆಯ ಆಸುಪಾಸಿನಲ್ಲೇ ಸಾಯೋಕೆ ಶುರು ಮಾಡುತ್ತೆ. ಆರರಿಂದ ಹನ್ನೆರಡು ಗಂಟೆಯಲ್ಲಿ ಆ ಭಾಗದ ಬಹುಪಾಲು ಹೋಗಿರುತ್ತೆ. ಅಷ್ಟರೊಳಗೆ ದಾರಿ ತೆರೆದರೂ ಉಳಿದ ಮಾಂಸ ತಕ್ಷಣ ಕುಣಿಯೋದಿಲ್ಲ, ಪೆಟ್ಟು ತಿಂದು ಮಂಕಾಗಿರುತ್ತೆ. ಅಮೆರಿಕದ ಯುಜೀನ್ ಬ್ರೌನ್‌ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ ಅನ್ನುವ ಡಾಕ್ಟರುಗಳು 1982ರಲ್ಲಿ ಇದನ್ನು ‘ಸ್ಟನ್ಡ್’ ಮಾಂಸ ಅಂತ ಕರೆದರು. ಇನ್ನು ಕೆಲವರಲ್ಲಿ ನಾಳ ಪೂರ್ತಿ ಮುಚ್ಚದೆ ತಿಂಗಳುಗಟ್ಟಲೆ ಸಣ್ಣಗೆ ಹರಿಯುತ್ತಿರುತ್ತೆ. ಆಗ ಮಾಂಸ ಸಾಯದೆ, ಕೆಲಸ ಕಡಿಮೆ ಮಾಡಿ, ನಿದ್ದೆ ಹೋದ ಹಾಗೆ ಇರುತ್ತೆ. ಇದನ್ನು ‘ಹೈಬರ್ನೇಟಿಂಗ್’ ಅನ್ನುವ ಹೆಸರಿನಿಂದ ಲೋಕಕ್ಕೆ ತಿಳಿಸಿಕೊಟ್ಟವರು ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಶಹಬುದ್ದೀನ್ ರಹೀಮ್‌ತೂಲಾ.

ದಾರಿ ತೆರೆಯೋದು

1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಚ್ಚರವಾಗಿದ್ದ ರೋಗಿಯ ಹೃದಯದ ನಾಳಕ್ಕೆ ಸಣ್ಣ ಬಲೂನು ಕಳಿಸಿ, ಉಬ್ಬಿಸಿ, ದಾರಿ ಅಗಲ ಮಾಡಿದರು. 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್‌ಲ್ಯಾಂಡಿನಲ್ಲಿ ಮೊದಲ ಸ್ಟೆಂಟುಗಳು, ಅಂದರೆ ತೆರೆದ ದಾರಿ ಮತ್ತೆ ಕುಸಿಯದ ಹಾಗೆ ಹಿಡಿಯುವ ಲೋಹದ ಜಾಲರಿಗಳು, ಬಂದವು. ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಚೆನ್ನೈಯಲ್ಲಿ ಡಾ. ಮ್ಯಾಥ್ಯೂ ಸ್ಯಾಮ್ಯುಯೆಲ್ ಕಳರಿಕ್ಕಲ್ ಈ ಕೆಲಸಕ್ಕೆ ದಾರಿ ಹಾಕಿದರು.

ಆಗ ಇದು ದುಡ್ಡಿದ್ದವರ ಚಿಕಿತ್ಸೆ. ನಮ್ಮವರು ಎದೆ ಹಿಡಿದುಕೊಂಡು ಕೂತರೆ ‘ವಾಯು’ ಅಂತ ಸೋಡಾ ಕುಡಿಸೋದು, ಓಮದ ನೀರು ಕೊಡೋದು, ಬೆಳಗಾಗುವಷ್ಟರಲ್ಲಿ ತಮಟೆ ಕಟ್ಟೋದು. ಆಮೇಲೆ ಸ್ವಲ್ಪ ಸ್ವಲ್ಪ ಬದಲಾಯಿತು. 2004ರಲ್ಲಿ ಆಂಡಿಪಟ್ಟಿ ಹತ್ತಿರ ಕೆ. ವಿಲಕ್ಕಿನಲ್ಲಿ ತೇನಿ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. 2009ರಲ್ಲಿ ತಮಿಳುನಾಡು ಸರ್ಕಾರ ಬಡ ಕುಟುಂಬಗಳಿಗೆ ಕಾಪ್ಪೀಟು ಕಾರ್ಡು ಶುರು ಮಾಡಿತು. ಈಗಿನ ಮುಖ್ಯಮಂತ್ರಿ ವಿಮೆ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿಗೆ ಬೆಲೆ ಕಟ್ಟಿತು: ಔಷಧಿ ಲೇಪದ ಸ್ಟೆಂಟಿಗೆ ಆಗ ನಿಗದಿಯಾದದ್ದು 29,600 ರೂಪಾಯಿ. 2022ರ ಜನವರಿಯಲ್ಲಿ ದಿಂಡಿಗಲ್‌ನ ಸರ್ಕಾರಿ ಮೆಡಿಕಲ್ ಕಾಲೇಜು ಉದ್ಘಾಟನೆ ಆಯಿತು. ಇವು ಯಾರ ದಾನವೂ ಅಲ್ಲ, ನಮ್ಮ ಹಕ್ಕು.

ತಮಿಳುನಾಡಿನಲ್ಲೇ ಒಂದು ದೊಡ್ಡ ಪ್ರಯೋಗ ನಡೆಯಿತು. ಕೊಯಮತ್ತೂರಿನ ಡಾ. ಥಾಮಸ್ ಅಲೆಕ್ಸಾಂಡರ್ ಮತ್ತು ಚೆನ್ನೈಯ ಡಾ. ಅಜಿತ್ ಮುಲ್ಲಸಾರಿ ಅವರ ತಂಡ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳ ಜೊತೆ ಜೋಡಿಸಿತು. ಸಣ್ಣ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿ ಆಂಜಿಯೋ ಮಾಡೋದು. 2,420 ರೋಗಿಗಳನ್ನು ಸೇರಿಸಿದ ಆ ಅಧ್ಯಯನ 2017ರಲ್ಲಿ ಅಚ್ಚಾಯಿತು. ಜೋಡಣೆಗೆ ಮೊದಲು ಒಂದು ವರ್ಷದೊಳಗೆ ನೂರಕ್ಕೆ 17.6 ಜನ ಸಾಯುತ್ತಿದ್ದರು, ಆಮೇಲೆ 14.2. ಹೊಸ ಯಂತ್ರ ಕಂಡುಹಿಡಿದು ಉಳಿಸಿದ ಜೀವಗಳಲ್ಲ ಇವು, ಆಸ್ಪತ್ರೆಗೂ ಆಸ್ಪತ್ರೆಗೂ ನಂಟು ಹಾಕಿ ಉಳಿಸಿದವು. 2023ರಲ್ಲಿ ‘ಇದಯಂ ಕಾಪ್ಪೋಂ’ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಎದೆನೋವಿಗೆ ಮೊದಲ ಮಾತ್ರೆಗಳನ್ನು ಇಟ್ಟರು. ಕರ್ನಾಟಕದಲ್ಲೂ 46ನೇ ವಯಸ್ಸಿಗೆ ತೀರಿಕೊಂಡ ಪುನೀತ್ ರಾಜಕುಮಾರ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಇದೇ ದಾರಿಯಲ್ಲಿ ನಡೀತಾ ಇದೆ.

ಇಷ್ಟರಿಂದ ನಮ್ಮ ಕೇರಿಗಳಲ್ಲೂ ಈಗ ಸ್ಟೆಂಟ್ ಹಾಕಿಸಿಕೊಂಡವರು ಇದ್ದಾರೆ. ಜೀವ ಉಳೀತು. ಆದರೆ ‘ಬ್ಲಾಕ್ ತೆಗೆದಾಯ್ತು, ಎಲ್ಲಾ ಸರಿಹೋಯ್ತು’ ಅಂದುಕೊಳ್ಳೋದು ಕಾಲುವೆಗೆ ನೀರು ಬಿಟ್ಟು ಗದ್ದೆ ಕಡೆ ತಿರುಗಿ ನೋಡದೆ ಮನೆಗೆ ಹೋದ ಹಾಗೆ. ಗದ್ದೆಗೆ ಹೋಗಿ ನೋಡಬೇಕು. ಆ ನೋಡುವ ಕಣ್ಣೇ ಎಕೋ.

ಶಬ್ದದಿಂದ ನೋಡೋದು

ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳುತ್ತೆ. ಎಕೋ ಯಂತ್ರ ಸೆಕೆಂಡಿಗೆ ಹತ್ತಾರು ಲಕ್ಷ ಕಂಪನದ ಶಬ್ದವನ್ನು ಎದೆಯೊಳಗೆ ಕಳಿಸುತ್ತೆ. ಅದು ಹೃದಯದ ಗೋಡೆಗೆ ತಾಗಿ ಮರಳಿ ಬರುತ್ತೆ, ಬಾವಿಗೆ ಕೂಗಿದರೆ ದನಿ ಹಿಂದಕ್ಕೆ ಬರುವ ಹಾಗೆ. ಬಂದ ಹೊತ್ತನ್ನು ಲೆಕ್ಕ ಹಾಕಿ ಯಂತ್ರ ಚಿತ್ರ ಬಿಡಿಸುತ್ತೆ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಅನ್ನುವ ಡಾಕ್ಟರು, ಹೆಲ್ಮುತ್ ಹರ್ಟ್ಸ್ ಅನ್ನುವ ಭೌತವಿಜ್ಞಾನಿ ಹೃದಯವನ್ನು ಹೀಗೆ ಮೊದಲು ನೋಡಿದರು. ಹಡಗು ಕಟ್ಟುವ ಕಡೆ ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು ಅದಕ್ಕೆ ಬಳಸಿಕೊಂಡರು.

ಎಕೋಗೆ ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣ ಇಲ್ಲ. ಎಡಮಗ್ಗುಲಾಗಿ ಮಲಗಿಸಿ, ಎದೆಗೆ ಜೆಲ್ ಹಚ್ಚಿ ನೋಡ್ತಾರೆ. ಹೆಂಗಸರು ಸಂಕೋಚದಿಂದ ಹೋಗದೆ ಇರೋದುಂಟು. ಜೊತೆಗೆ ಒಬ್ಬ ಹೆಣ್ಣುಮಗಳು ಇರಲಿ ಅಂತ ಕೇಳಬಹುದು, ಕೇಳಿ.

ಇನ್ನು ರಿಪೋರ್ಟು. ಅದರಲ್ಲಿ ನೀವು ಮುಖ್ಯವಾಗಿ ಎರಡು ಸಾಲು ಹುಡುಕಬೇಕು.

ಒಂದು, ಇ.ಎಫ್., ಅಂದರೆ ಎಜೆಕ್ಷನ್ ಫ್ರ್ಯಾಕ್ಷನ್. ಹೃದಯದ ಎಡ ಕೆಳಕೋಣೆ ತುಂಬಿದಾಗ ಇದ್ದ ರಕ್ತದಲ್ಲಿ ನೂರಕ್ಕೆ ಎಷ್ಟು ಭಾಗ ಒಂದು ಬಡಿತಕ್ಕೆ ಹೊರಗೆ ಹೋಗುತ್ತೆ ಅನ್ನುವ ಲೆಕ್ಕ. 120 ಮಿಲಿ ತುಂಬಿ 72 ಮಿಲಿ ಹೊರಹೋದರೆ ಇ.ಎಫ್. 60. ಪೆಟ್ಟು ತಿಂದ ಹೃದಯ ಹಿಗ್ಗಿ 150 ಮಿಲಿ ತುಂಬಿಸಿಕೊಂಡು 60 ಮಿಲಿ ಮಾತ್ರ ತಳ್ಳಿದರೆ ಇ.ಎಫ್. 40. ಇದು ನೂರಕ್ಕೆ ನೂರು ತೆಗೆಯುವ ಪರೀಕ್ಷೆ ಅಲ್ಲ. ಗಟ್ಟಿ ಹೃದಯದಲ್ಲೂ ಇದು ಗಂಡಸರಿಗೆ ಸುಮಾರು 52ರಿಂದ 72, ಹೆಂಗಸರಿಗೆ 54ರಿಂದ 74. ‘ಐವತ್ತೈದೇ ಬಂದಿದೆ, ಅರ್ಧ ಹಾರ್ಟು ಹೋಯ್ತು’ ಅಂತ ಅತ್ತವರನ್ನು ನೋಡಿದ್ದೀನಿ, ಅಳಬೇಕಿಲ್ಲ. 40ಕ್ಕಿಂತ ಕೆಳಗೆ ಬಂದರೆ ಹೃದಯ ದುರ್ಬಲ ಆಗಿದೆ ಅಂತ ಅರ್ಥ. ನಮ್ಮ ಶಾಲೆಯಲ್ಲಿ 35 ಬಂದರೆ ಪಾಸು. ಹೃದಯದಲ್ಲಿ 35 ಅಥವಾ ಅದಕ್ಕಿಂತ ಕಡಿಮೆ ಅಂದರೆ ಅಪಾಯದ ಗೆರೆ, ಬಡಿತ ದಿಢೀರ್ ತಪ್ಪುವ ಭಯ ಅಲ್ಲಿ ಹೆಚ್ಚು.

ಎರಡು, ಆರ್.ಡಬ್ಲ್ಯು.ಎಂ.ಎ. ಅನ್ನುವ ಅಕ್ಷರಗಳು. ಹೃದಯದ ಗೋಡೆಯಲ್ಲಿ ಯಾವ ಭಾಗ ಸರಿಯಾಗಿ ಕುಣೀತಾ ಇಲ್ಲ ಅಂತ ಅಲ್ಲಿ ಬರೆದಿರುತ್ತೆ. ‘ಹೈಪೋಕೈನೆಟಿಕ್’ ಅಂದರೆ ಕಡಿಮೆ ಅಲ್ಲಾಡುತ್ತೆ, ‘ಎಕೈನೆಟಿಕ್’ ಅಂದರೆ ಅಲ್ಲಾಡ್ತಾನೇ ಇಲ್ಲ, ‘ಡಿಸ್ಕೈನೆಟಿಕ್’ ಅಂದರೆ ಉಳಿದದ್ದು ಒಳಗೆ ಬಂದಾಗ ಅದು ಹೊರಗೆ ಉಬ್ಬುತ್ತೆ. ಗೋಡೆ ತೆಳ್ಳಗಾಗಿ ಗಾಯದ ಕಲೆಯಾಗಿದ್ದರೆ ಅದು ಒಣಹುಲ್ಲು. ದಪ್ಪ ಹಾಗೇ ಇದ್ದು ಅಲ್ಲಾಡದಿದ್ದರೆ ಬೇರಿನಲ್ಲಿ ಜೀವ ಇರಬಹುದು. ಅನುಮಾನ ಇದ್ದರೆ ಡೊಬುಟಮಿನ್ ಅನ್ನುವ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು ಎಕೋದಲ್ಲಿ ನೋಡ್ತಾರೆ. ನಿದ್ದೆ ಹೋದ ಮಾಂಸ ಆಗ ಸ್ವಲ್ಪ ಅಲ್ಲಾಡುತ್ತೆ, ಸತ್ತದ್ದು ಅಲ್ಲಾಡೋದಿಲ್ಲ. ಎಕೋದಲ್ಲಿ ಇನ್ನೂ ಒಂದು ತಿಳಿಯುತ್ತೆ: ಕೋಣೆಯೊಳಗೆ ಹೆಪ್ಪು ಇದೆಯಾ ಅಂತ. ಅದು ಕಿತ್ತು ತಲೆಗೆ ಹೋದರೆ ಲಕ್ವ.

ಯಾಕೆ ಎರಡನೇ ಸಲ?

ಎಲ್ಲರೂ ಕೇಳೋದು ಇದನ್ನೇ: ಆಸ್ಪತ್ರೆಯಲ್ಲಿ ಇದ್ದಾಗಲೇ ಎಕೋ ತೆಗೆದರಲ್ಲ, ಮತ್ತೆ ಯಾಕೆ? ಆವಾಗ ತೆಗೆದದ್ದು ಪೆಟ್ಟು ಬಿದ್ದ ಹೊಸತರ ಚಿತ್ರ. ಮಂಕಾದ ಮಾಂಸ ಎದ್ದು ಬರೋಕೆ ದಿನ, ವಾರ ಬೇಕು. ಹಾಗಾಗಿ ಮೊದಲ ಇ.ಎಫ್. ಕಡಿಮೆ ಇದ್ದವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಮತ್ತೆ ನೋಡಬೇಕು ಅನ್ನೋದು ಡಾಕ್ಟರುಗಳ ಕ್ರಮ. ಎದೆಯಲ್ಲಿ ಶಾಕ್ ಕೊಡುವ ಐ.ಸಿ.ಡಿ. ಯಂತ್ರ ಇಡಬೇಕಾ ಅಂತ ತೀರ್ಮಾನ ಮಾಡೋದಕ್ಕೂ ಸಾಮಾನ್ಯವಾಗಿ ಅಟ್ಯಾಕ್ ಆಗಿ 40 ದಿನ, ಸ್ಟೆಂಟ್ ಹಾಕಿ ಮೂರು ತಿಂಗಳು ಕಾಯ್ತಾರೆ. ಮೊದಲ ಚಿತ್ರ ನೋಡಿ ಎದೆ ಒಡೆದುಕೊಳ್ಳೋದೂ ಬೇಡ, ಎರಡನೇದನ್ನು ಬಿಡೋದೂ ಬೇಡ. ಸಾಧ್ಯ ಆದರೆ ಎರಡನ್ನೂ ಒಂದೇ ಕಡೆ ತೆಗೆಸಿ. ನೋಡುವ ಕೈ ಬದಲಾದರೆ ನಾಲ್ಕೈದು ಅಂಕ ಹಾಗೇ ಹೆಚ್ಚುಕಡಿಮೆ ಆಗುತ್ತೆ.

ನಮ್ಮ ಕೇರಿಯ ಇಬ್ಬರ ವಿಷಯ ಹೇಳ್ತೀನಿ, ಹೆಸರು ಬೇಡ. ಒಬ್ಬ ಅಕ್ಕ, ಏಲಕ್ಕಿ ತೋಟದ ಕೂಲಿ. ಬೆಳಗಿನ ಜಾವ ಜೀಪ್ ಹತ್ತಿ ಕೇರಳದ ಬೆಟ್ಟಕ್ಕೆ ಹೋಗಿ ಸಂಜೆ ಬರೋರು. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದಾಗ ಇ.ಎಫ್. 40. ಮಗಳು ಪಟ್ಟು ಹಿಡಿದು ಮಾತ್ರೆ ತಪ್ಪಿಸಲಿಲ್ಲ, ಮೂರನೇ ತಿಂಗಳು ಎಕೋಗೆ ಕರೆದುಕೊಂಡು ಹೋದಳು. 52 ಬಂದಿತ್ತು.

ಇನ್ನೊಬ್ಬರು ನನಗೆ ಚಿಕ್ಕಪ್ಪ ಆಗಬೇಕು, ಮಂಡಿಯಲ್ಲಿ ಮೂಟೆ ಹೊರುವವರು. ಆಸ್ಪತ್ರೆ ಬಿಡುವಾಗ 38. ‘ಆರು ವಾರ ಬಿಟ್ಟು ಬನ್ನಿ’ ಅಂತ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ಬಾಯಲ್ಲಿ ಯಾರೂ ಹೇಳಲಿಲ್ಲ. ನೋವು ಹೋಗಿತ್ತಲ್ಲ, ಅವರಿಗೆ ವಾಸಿ ಆದ ಹಾಗೇ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಬೇರೆ. ಮೇಸ್ತ್ರಿ ‘ಬರ್ತೀಯಾ, ಬೇರೆಯವನನ್ನು ಹಾಕ್ಲಾ?’ ಅಂದ. ಎರಡನೇ ತಿಂಗಳೇ ಮೂಟೆ ಹೊತ್ತರು. ಮಾತ್ರೆ ಮುಗಿದ ಮೇಲೆ ಮತ್ತೆ ತರಲಿಲ್ಲ. ಏಳನೇ ತಿಂಗಳು ಕಾಲು ಊದಿತು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎಕೋದಲ್ಲಿ 28. ಈಗ ಮಾತ್ರೆ ಕ್ರಮವಾಗಿ ನುಂಗ್ತಾರೆ, ಉಸಿರು ಎಷ್ಟೋ ಮೇಲು, ಆದರೆ ಮೂಟೆ ಹೊರುವ ಕಾಲ ಮುಗೀತು.

ಇಬ್ಬರಿಗೂ ಸ್ಟೆಂಟ್ ಹಾಕಿದ್ದರು. ವ್ಯತ್ಯಾಸ ಆದದ್ದು ಆಮೇಲಿನ ಮೂರು ತಿಂಗಳಲ್ಲಿ. ಎಲ್ಲವೂ ಮಾತ್ರೆಯಿಂದಲೇ ಆಯಿತು ಅಂತ ನಾನು ಹೇಳಲ್ಲ. ಎಷ್ಟು ಹೊತ್ತಿಗೆ ನಾಳ ತೆರೆದರು, ಯಾವ ನಾಳ, ಸಕ್ಕರೆ ಕಾಯಿಲೆ ಇದೆಯಾ, ಇವೆಲ್ಲ ಸೇರುತ್ತೆ. ಆದರೆ ಮಾತ್ರೆಯನ್ನು ಹಗುರ ಮಾಡಬೇಡಿ. ಬ್ರಿಟನ್ನಿನಲ್ಲಿ 700 ರೋಗಿಗಳ ಮೇಲೆ ನಡೆದ ‘ರಿವೈವ್ಡ್’ ಅನ್ನುವ ಅಧ್ಯಯನ 2022ರಲ್ಲಿ ಬಂತು. ಬಹಳ ಕಾಲದಿಂದ ನಾಳ ಕಟ್ಟಿಕೊಂಡು ಇ.ಎಫ್. 35 ಅಥವಾ ಅದಕ್ಕಿಂತ ಕಡಿಮೆ ಆದವರಲ್ಲಿ ಅರ್ಧ ಜನಕ್ಕೆ ಒಳ್ಳೇ ಮಾತ್ರೆಯ ಜೊತೆ ಸ್ಟೆಂಟ್, ಉಳಿದರ್ಧಕ್ಕೆ ಮಾತ್ರೆ ಮಾತ್ರ. ಸಾವಿನಲ್ಲಾಗಲಿ ಇ.ಎಫ್. ಏರಿಕೆಯಲ್ಲಾಗಲಿ ಎರಡು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ದಯವಿಟ್ಟು ತಪ್ಪು ತಿಳೀಬೇಡಿ, ಇದು ಈಗ ತಾನೇ ಅಟ್ಯಾಕ್ ಆದವರ ಮಾತಲ್ಲ. ಅವರಿಗೆ ನಾಳ ಬೇಗ ತೆರೆಯಲೇಬೇಕು, ಅದೇ ಜೀವ ಉಳಿಸೋದು. ಆದರೆ ನಾಳ ತೆರೆದದ್ದರಿಂದಲೇ ಹೃದಯದ ಬಲ ತಾನಾಗಿ ಮರಳುತ್ತೆ ಅನ್ನುವ ನಂಬಿಕೆ ಸರಿಯಲ್ಲ ಅಂತ ಆ ಅಧ್ಯಯನ ತೋರಿಸಿತು.

ಸ್ಟೆಂಟ್ ಹಾಕಿದವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತರದ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸೋಕೆ ಹೋದರೂ ‘ನನಗೆ ಸ್ಟೆಂಟ್ ಇದೆ’ ಅಂತ ಮೊದಲು ಹೇಳಿ. ಬೀಡಿ, ಹೊಗೆಸೊಪ್ಪು, ಸಾರಾಯಿ ಬಗ್ಗೆ ನಾನು ಹೇಳಿದರೆ ಅಣ್ಣಂದಿರಿಗೆ ಕೋಪ ಬರುತ್ತೆ, ಆದರೂ ಹೇಳ್ತೀನಿ, ಬಿಡಿ.

ನಮ್ಮ ಪಾಲಿನ ಕೆಲಸ

ಇದನ್ನು ದಲಿತ ಯುವಕರ ಸಂಘದಲ್ಲಿ ಯಾಕೆ ಹೇಳಬೇಕು? ಹೃದಯದ ನಾಳಕ್ಕೆ ಜಾತಿ ಇಲ್ಲ. ಆದರೆ ಆರು ವಾರ ಮನೇಲಿ ಕೂರುವ ಅವಕಾಶಕ್ಕೆ ಜಾತಿ ಇದೆ. ಪಟ್ಟಣ ಪಂಚಾಯ್ತಿಯ ಕಸದ ಗಾಡಿ, ದಿಂಡಿಗಲ್‌ನ ಚರ್ಮ ಹದ ಮಾಡುವ ಶೆಡ್ಡು, ತೋಟದ ಜೀಪು, ಮಂಡಿಯ ಮೂಟೆ, ಇವುಗಳಲ್ಲಿ ಸಂಬಳದ ರಜೆ ಅಂತ ಒಂದು ಇದೆಯಾ? ‘ಹಗುರ ಕೆಲಸ ಮಾಡಿ’ ಅಂತ ಡಾಕ್ಟರು ಬರೆದುಕೊಟ್ಟರೆ ನಮ್ಮವರಿಗೆ ಹಗುರ ಕೆಲಸ ಕೊಡೋರು ಯಾರು? ಸರ್ಕಾರ ನಾಳ ತೆರೆಯೋಕೆ ದುಡ್ಡು ಕೊಡುತ್ತೆ, ಆಮೇಲಿನ ಮೂರು ತಿಂಗಳನ್ನು ನಾವೇ ಹೊರಬೇಕು. ಒಬ್ಬೊಬ್ಬರೇ ಹೊರಲಾಗದು, ಸಂಘ ಹೊರಬಹುದು.

ಅದಕ್ಕೆ ನಾಲ್ಕು ಕೆಲಸ ಮುಂದಿಡ್ತೀನಿ. ಸ್ಟೆಂಟ್ ಹಾಕಿಸಿಕೊಂಡವರು ಒಪ್ಪಿದರೆ, ಅವರು ಎರಡನೇ ಎಕೋಗೆ ಹೋಗಬೇಕಾದ ದಿನವನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದಿಡೋಣ. ಆ ದಿನ ಒಬ್ಬ ಹುಡುಗ ಅಥವಾ ಹುಡುಗಿ ಜೊತೆಗೆ ಹೋಗಲಿ, ಬಸ್ಸಿನ ದುಡ್ಡು ಸಂಘದ ನಿಧಿಯಿಂದ ಹೋಗಲಿ. ಮನೆಗೊಂದು ಪ್ಲಾಸ್ಟಿಕ್ ಫೈಲು ಕೊಡೋಣ, ಡಿಸ್ಚಾರ್ಜ್ ಚೀಟಿ, ಎಕೋ ರಿಪೋರ್ಟು, ಇಸಿಜಿ ಎಲ್ಲಾ ಅದರಲ್ಲೇ ಇರಲಿ. ಡಾಕ್ಟರು ಬರೆದ ‘ಹಗುರ ಕೆಲಸ’ದ ಚೀಟಿ ಹಿಡಿದು ಮೇಸ್ತ್ರಿಯ ಹತ್ತಿರ ರೋಗಿ ಒಬ್ಬರೇ ಹೋಗೋದು ಬೇಡ, ಸಂಘದಿಂದ ನಾಲ್ಕು ಜನ ಹೋಗೋಣ. ಇನ್ನು ಎದೆನೋವು ಬಂದಾಗ ಸೋಡಾ ಹುಡುಕೋದನ್ನು ಬಿಟ್ಟು 108ಕ್ಕೆ ಫೋನ್ ಮಾಡೋದು, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸೋದು, ಇದು ಪ್ರತಿ ಮನೆಗೂ ಗೊತ್ತಿರಬೇಕು.

ಕೊನೆಯದಾಗಿ ಪ್ಲಸ್ ಟೂ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ಅಮೆರಿಕದಲ್ಲಿ ವಿವಿಯನ್ ಥಾಮಸ್ ಅಂತ ಒಬ್ಬ ಕಪ್ಪು ಜನಾಂಗದವರು ಇದ್ದರು. ಬಡಗಿ ಕೆಲಸ ಕಲಿತವರು, ದುಡ್ಡಿಲ್ಲದೆ ಮೆಡಿಕಲ್ ಓದಲಾಗಲಿಲ್ಲ. ಪ್ರಯೋಗಶಾಲೆಯಲ್ಲಿ ಸರ್ಜನ್ನಿನ ಕೆಲಸ ಮಾಡಿದರೂ ಲೆಕ್ಕದ ಪುಸ್ತಕದಲ್ಲಿ ಅವರ ಹುದ್ದೆ ಕಸ ಗುಡಿಸುವವನದು. 1944ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೈ ನೀಲಿಗಟ್ಟಿದ ಮಗುವಿನ ಹೃದಯದ ಆಪರೇಷನ್ ನಡೆದಾಗ, ಆ ವಿಧಾನವನ್ನು ಪ್ರಯೋಗಶಾಲೆಯಲ್ಲಿ ಪಳಗಿಸಿದ್ದ ಥಾಮಸ್, ಸರ್ಜನ್ ಬ್ಲೇಲಾಕ್ ಅವರ ಹಿಂದೆ ಸ್ಟೂಲಿನ ಮೇಲೆ ನಿಂತು ಹೆಜ್ಜೆ ಹೆಜ್ಜೆಗೂ ಹೇಳಿಕೊಟ್ಟರು. 1976ರಲ್ಲಿ ಅದೇ ಸಂಸ್ಥೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಎಂ.ಬಿ.ಬಿ.ಎಸ್. ಸೀಟು ಸಿಕ್ಕರೆ ಸಂತೋಷ. ಸಿಗದಿದ್ದರೆ ಅಲ್ಲಿಗೇ ಮುಗೀಲಿಲ್ಲ, ಬಿ.ಎಸ್‌ಸಿ. ಕಾರ್ಡಿಯಾಕ್ ಟೆಕ್ನಾಲಜಿ ಅಂತ ಓದು ಇದೆ. ಎಕೋ ಕೋಣೆಯಲ್ಲಿ, ಕ್ಯಾಥ್ ಲ್ಯಾಬಿನಲ್ಲಿ ಕೆಲಸ ಮಾಡುವವರು ಅಲ್ಲಿಂದ ಬರ್ತಾರೆ. ಯಂತ್ರದ ಆ ಕಡೆ ನಮ್ಮ ಮಕ್ಕಳು ಕೂತಿದ್ದರೆ, ಈ ಕಡೆ ಮಲಗಿದ ಅವ್ವನಿಗೆ ‘ಇದು ನಿಮ್ಮ ಹೃದಯ, ಹೀಗಿದೆ ನೋಡಿ’ ಅಂತ ಅವಳ ಭಾಷೆಯಲ್ಲೇ ಹೇಳ್ತಾರೆ.

ನೋಟ್ ಬುಕ್ಕನ್ನು ನಾನು ತಂದಿದ್ದೀನಿ. ಸಭೆ ಮುಗಿದ ಮೇಲೆ ಮೇಜಿನ ಮೇಲೆ ಇರುತ್ತೆ. ಓದುತ್ತಿರುವ ನಿಮ್ಮ ಮನೆಯಲ್ಲೂ ಸ್ಟೆಂಟ್ ಹಾಕಿಸಿಕೊಂಡವರು ಇದ್ದರೆ ಇವತ್ತು ರಾತ್ರಿ ಅವರ ಚೀಟಿ ತೆಗೆದು ನೋಡಿ. ಇ.ಎಫ್. ಎಷ್ಟಿದೆ, ಮತ್ತೆ ಯಾವಾಗ ಬರಬೇಕು ಅಂತ ಇದೆ, ಆ ದಿನ ದಾಟಿ ಹೋಗಿದೆಯಾ? ದಾಟಿದ್ದರೆ ನಾಳೆಯೇ ಹೊರಡಿ, ಜೊತೆಗೆ ನಾವು ಬರ್ತೀವಿ.

ಜೈ ಭೀಮ್.